ಬಲೆ ಯಾರದು, ಪಾಲು ಯಾರಿಗೆ?

ಶಿರಸಿ ತಾಲೂಕಿನ ಓದುಗರೊಬ್ಬರ ಪತ್ರ: “ಎಲೆಚುಕ್ಕಿ ರೋಗ ಬಿದ್ದ ಅಡಿಕೆ ಸೋಗೆಯ ಫೋಟೊ ಕಳಿಸಿದರೆ ಮೊಬೈಲೇ ಕನ್ನಡದಲ್ಲಿ ಪರಿಹಾರ ಹೇಳುವ ಕಾಲ ಬಂದಿದೆ. ಕೃತಕ ಬುದ್ಧಿಮತ್ತೆಯಿಂದ ಬಡವ-ಬಲ್ಲಿದರ ಅಂತರ ಹೆಚ್ಚುತ್ತದೆಂದು ಬರೆಯುವ ನಿಮಗೆ ಇದು ಕಾಣುವುದಿಲ್ಲವೇ?”

ಸಂಪಾದಕರ ಉತ್ತರ: ಕಾಣುತ್ತದೆ. ಮಳೆಗಾಲದಲ್ಲಿ ತಜ್ಞರ ದಾರಿ ಕಾಯದೆ ಸಲಹೆ ಸಿಗುವುದು ಉಪಕಾರವೇ. ಆದರೂ ಒಮ್ಮೆ ಘಟ್ಟ ಇಳಿದು, ಕಾರವಾರ-ಅಂಕೋಲಾ ದಂಡೆಯ ಹಿರಿಯ ಮೀನುಗಾರರನ್ನು ಮಾತನಾಡಿಸಿ ಬನ್ನಿ.

ಅವರ ಕಾಲದ ರಂಪಣಿ ಬಲೆ ಊರಿನದಾಗಿತ್ತು. ದೋಣಿಯಿಂದ ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡೂ ತುದಿಗಳನ್ನು ಹತ್ತಾರು ಜನ ದಂಡೆಗೆ ಎಳೆಯುತ್ತಿದ್ದರು. ಬಂಗಡೆ, ತಾರಲೆ ಬಿದ್ದರೆ ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದಲ್ಲಿ ಯಂತ್ರಚಾಲಿತ ಪರ್ಸಿನ್ ದೋಣಿಗಳು ಬಂದು, ಮೀನಿನ ಹಿಂಡು ದಂಡೆಗೆ ಬರುವ ಮೊದಲೇ ಆಳದಲ್ಲಿ ಅದನ್ನು ಸುತ್ತುವರಿದವು. ಆರಂಭದಲ್ಲಿ ಮೀನಿನ ರಾಶಿ ದೊಡ್ಡದಾಯಿತು, ಪಾಲುದಾರರ ಸಂಖ್ಯೆ ಸಣ್ಣದಾಯಿತು. ಯಂತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ಕೊಳ್ಳುವ ಬಂಡವಾಳ ಯಾರ ಕೈಯಲ್ಲಿತ್ತು ಎಂಬುದೇ ಹಂಚಿಕೆಯನ್ನು ತೀರ್ಮಾನಿಸಿತು.

ಅಂತರರಾಷ್ಟ್ರೀಯ ಹಣಕಾಸು ನಿಧಿಯೇನೂ ನನ್ನಂಥ ಹಳೆಯ ಸಮಾಜವಾದಿಗಳ ಕೂಟವಲ್ಲ. ಜಗತ್ತಿನ ಸುಮಾರು ಶೇ. 40ರಷ್ಟು ಉದ್ಯೋಗಗಳಿಗೆ ಕೃತಕ ಬುದ್ಧಿಮತ್ತೆಯ ಬಿಸಿ ತಟ್ಟಲಿದೆ, ಬಹುತೇಕ ಸಂದರ್ಭಗಳಲ್ಲಿ ಅಸಮಾನತೆ ಹೆಚ್ಚುವ ಸಂಭವವಿದೆ ಎಂದು 2024ರ ಜನವರಿಯಲ್ಲಿ ಅದೇ ಹೇಳಿತು. ಈ ಬುದ್ಧಿಮತ್ತೆಯ ಯಂತ್ರಗಳನ್ನು ಪಳಗಿಸಲು ಬೇಕಾದ ಕಂಪ್ಯೂಟರ್ ಚಿಪ್, ವಿದ್ಯುತ್ತು, ದತ್ತಾಂಶಗಳನ್ನು ಒಟ್ಟುಗೂಡಿಸಬಲ್ಲವರು ಬೆರಳೆಣಿಕೆಯ ಕಂಪನಿಗಳು. ನೀವು ಪುಕ್ಕಟೆಯಾಗಿ ಕಳಿಸಿದ ಸೋಗೆಯ ಚಿತ್ರದಿಂದಲೇ ಯಂತ್ರ ಪಳಗಬಹುದು. ನಾಳೆ ಅದರ ಸಲಹೆಗೆ ಚಂದಾ ಕಟ್ಟುವವರೂ ನೀವೇ ಆಗಬಹುದು. ಪತ್ರ ಇಷ್ಟು ಅಚ್ಚುಕಟ್ಟಾಗಿ ಬರೆಯಬಲ್ಲ ತಮಗೆ ಈ ಲೆಕ್ಕ ಹೊಳೆಯದಿದ್ದುದು ಆಶ್ಚರ್ಯ.

ನಮ್ಮ ಜಿಲ್ಲೆಗಾದರೂ ಇದು ಹೊಸ ಪಾಠವಲ್ಲ. ಕಾಳಿ ನದಿಯ ಅಣೆಕಟ್ಟುಗಳಿಗೆ, ಕೈಗಾ ಸ್ಥಾವರಕ್ಕೆ, ಸೀಬರ್ಡ್ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟವರು ನಾವು. ವಿದ್ಯುತ್ತು ನಾಡಿಗೆಲ್ಲ ಹರಿಯಿತು, ಆದರೆ ಗಂಭೀರ ಕಾಯಿಲೆಯವರನ್ನು ಈಗಲೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯುತ್ತೇವೆ. ಜೋಯಿಡಾದ ಹಲವು ಹಳ್ಳಿಗಳಲ್ಲಿ ಫೋನಿಗೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವವರಿಗೆ ನಿಮ್ಮ ಮೊಬೈಲಿನ ಪರಿಹಾರವನ್ನು ಯಾರು ತಲುಪಿಸುತ್ತಾರೆ?

ಹಾದಿ ಇಲ್ಲವೆಂದಲ್ಲ. ಅಡಿಕೆಯ ದರಕ್ಕೆ ವ್ಯಾಪಾರಿಗಳ ಮುಖ ನೋಡಬೇಕಿದ್ದ ಕಾಲದಲ್ಲಿ ನಿಮ್ಮ ಶಿರಸಿಯ ಬೆಳೆಗಾರರೇ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿದರು. ತೋಟದ ಚಿತ್ರ, ಮಣ್ಣಿನ ವರದಿ, ಇಳುವರಿಯ ಲೆಕ್ಕವೆಲ್ಲ ಬೆಳೆಗಾರರ ಸಹಕಾರಿ ಸಂಘಗಳ ಸ್ವತ್ತಾಗಿರಲಿ, ಕಂಪನಿಗಳು ಬಾಡಿಗೆ ಕೊಟ್ಟು ಬಳಸಲಿ ಎಂಬ ಠರಾವನ್ನು ನೀವು ಸದಸ್ಯರಾಗಿರುವ ಸೊಸೈಟಿಯ ಮುಂದಿನ ವಾರ್ಷಿಕ ಸಭೆಯಲ್ಲಿ ಮಂಡಿಸಿ. ಊಟದ ಹೊತ್ತಿಗಷ್ಟೇ ಹೋಗಬೇಡಿ.