ಮುಂಬಯಿ ವಿಶ್ವವಿದ್ಯಾಲಯ ಸರಿ, ಯಾವ ಕ್ಯಾಂಪಸ್?

ಅಡ್ಮಿಷನ್ ಶುರುವಾಯಿತು ಅಂದರೆ ಸಾಕು, ಮುಂಬಯಿ, ಪುಣೆ, ಗೋವಾದ ಕನ್ನಡದ ಮನೆಗಳಿಂದ ಪ್ರಶ್ನೆಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ನಾಲ್ಕನ್ನು ಆರಿಸಿದ್ದೇನೆ. ಕೇಳಿದವರು ಬೇರೆ ಬೇರೆ, ತೊಡಕು ಮಾತ್ರ ಒಂದೇ. 1857ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ಇವತ್ತು ಒಂದು ಜಾಗದಲ್ಲಿಲ್ಲ. ಫೋರ್ಟ್, ಕಲೀನಾ, ಠಾಣೆ, ಕಲ್ಯಾಣ, ರತ್ನಾಗಿರಿ, ಸಾವಂತವಾಡಿ ಅಂತ ಹರಡಿಕೊಂಡಿದೆ. ಯಾವ ಕೆಲಸ ಎಲ್ಲಿ ಆಗುತ್ತದೆ, ಯಾವ ಕ್ಲಾಸು ಎಲ್ಲಿ ನಡೆಯುತ್ತದೆ ಅಂತ ಮೊದಲೇ ಕೇಳದೆ ಹೊರಟವರೇ ಜಾಸ್ತಿ ಕಷ್ಟಪಡುತ್ತಾರೆ.

ಪ್ರಶ್ನೆ: ಮಗಳು ಹನ್ನೆರಡನೇ ಮುಗಿಸಿ ಲಾ ಸಿಇಟಿ ಬರೆದಿದ್ದಾಳೆ. ಐದು ವರ್ಷದ ಕೋರ್ಸು ಮಾಡುವ ಆಸೆ. ನಾವು ಡೊಂಬಿವಲಿಯವರು, ಠಾಣೆ ಕ್ಯಾಂಪಸ್ ನಮಗೆ ಹತ್ತಿರ. ಆದರೆ ಮನೆಯವರು "ಅದು ಬರೀ ಬ್ರ್ಯಾಂಚು, ಅಲ್ಲಿನ ಡಿಗ್ರಿಗೆ ಬೆಲೆ ಕಮ್ಮಿ" ಅನ್ನುತ್ತಿದ್ದಾರೆ. ಏನು ಮಾಡಲಿ? — ಒಬ್ಬ ತಾಯಿ, ಡೊಂಬಿವಲಿ

ಅಕ್ಕಾ, ಮೊದಲು ಆ ಹೆದರಿಕೆ ಬಿಡಿ. ಠಾಣೆಯ ಬಾಳ್ಕುಂನಲ್ಲಿರುವುದು ವಿಶ್ವವಿದ್ಯಾಲಯದ್ದೇ ಉಪ ಕ್ಯಾಂಪಸ್. ಅಲ್ಲಿ ಓದಿದವರಿಗೂ ಕಲೀನಾದಲ್ಲಿ ಓದಿದವರಿಗೂ ಡಿಗ್ರಿ ಕೊಡುವುದು ಅದೇ ಮುಂಬಯಿ ವಿಶ್ವವಿದ್ಯಾಲಯ. ಇದರಲ್ಲಿ ಮೇಲು ಕೀಳು ಇಲ್ಲ.

ಆದರೆ ಡಿಗ್ರಿ ಒಂದೇ ಅಂದ ಮಾತ್ರಕ್ಕೆ ಸೌಲಭ್ಯವೂ ಒಂದೇ ಅಂದುಕೊಳ್ಳಬೇಡಿ. ಕಲೀನಾ ಅಂದರೆ ಇನ್ನೂರು ಎಕರೆಗೂ ಹೆಚ್ಚು ಜಾಗ, ಹತ್ತಾರು ವಿಭಾಗಗಳು, ಜವಾಹರಲಾಲ್ ನೆಹರೂ ಗ್ರಂಥಾಲಯದಂಥ ದೊಡ್ಡ ಲೈಬ್ರರಿ. ಉಪ ಕ್ಯಾಂಪಸ್ ಅಂದರೆ ಕೆಲವೇ ಕೋರ್ಸುಗಳು, ಚಿಕ್ಕ ಲೈಬ್ರರಿ, ಕಮ್ಮಿ ಗಲಾಟೆ. ಲಾ ಓದುವವರಿಗೆ ಲೈಬ್ರರಿ ತುಂಬಾ ಮುಖ್ಯ ಅಲ್ವಾ? ಹಾಗಾಗಿ ಯಾವ ಕಾಲೇಜು ಬೇಕು ಅಂತ ಬರೆದುಕೊಡುವ ಆಪ್ಷನ್ ಫಾರ್ಮ್ ತುಂಬುವ ಮೊದಲು ಮಗಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಕ್ಲಾಸು ನಡೆಯುವ ದಿನವೇ ಹೋಗಿ, ಭಾನುವಾರ ಹೋದರೆ ಕಟ್ಟಡ ಮಾತ್ರ ಕಾಣುತ್ತದೆ. ಲೈಬ್ರರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಕಾನೂನು ವರದಿಗಳನ್ನು ಕಂಪ್ಯೂಟರಿನಲ್ಲಿ ನೋಡಲು ಲಾಗಿನ್ ಕೊಡುತ್ತಾರಾ, ಹುಡುಗಿಯರ ಶೌಚಾಲಯ ಹೇಗಿದೆ, ಇದನ್ನೆಲ್ಲ ನೀವೇ ನೋಡಿ. ಎರಡನೇ ವರ್ಷದ ಒಬ್ಬಿಬ್ಬರು ಹುಡುಗಿಯರನ್ನು ನಿಲ್ಲಿಸಿ "ಕಾಯಂ ಮೇಷ್ಟ್ರು ಎಷ್ಟು ಜನ, ಹೊರಗಿನಿಂದ ಬಂದು ಪಾಠ ಮಾಡಿ ಹೋಗುವವರು ಎಷ್ಟು ಜನ?" ಅಂತ ಕೇಳಿ. ನನ್ನ ಪ್ರಕಾರ ಒಂದು ಕ್ಯಾಂಪಸ್ಸಿನ ಹಣೆಬರಹ ತಿಳಿಯಲು ಈ ಒಂದು ಪ್ರಶ್ನೆ ಸಾಕು. ಇದಕ್ಕೆ ಬ್ರೋಷರ್‌ನಲ್ಲಿ ಉತ್ತರ ಸಿಗುವುದಿಲ್ಲ.

ಲಾ ಕೋರ್ಸಿಗೆ ಮತ್ತೊಂದು ವಿಷಯ ನೋಡಲೇಬೇಕು. ಆ ವರ್ಷಕ್ಕೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಮಂಜೂರಾತಿ ಇದೆಯೇ ಅಂತ ಕೇಳಿ ತಿಳಿದುಕೊಳ್ಳಿ. ಇದು ಉಪ ಕ್ಯಾಂಪಸ್ಸಿಗೆ ಮಾತ್ರವಲ್ಲ, ಯಾವ ಲಾ ಕಾಲೇಜಿಗಾದರೂ ಅನ್ವಯಿಸುತ್ತದೆ. ಐದು ವರ್ಷ ಓದಿದ ಮೇಲೆ ವಕೀಲಿ ಮಾಡಲು ಬೇಕಾದ ಸನದು ಸಿಗಲಿಲ್ಲ ಅಂದರೆ ಯಾರಿಗೆ ಹೇಳುವುದು?

ಮತ್ತೆ, ಸಿಇಟಿ ಆದ ಮೇಲೆ ಸೀಟು ಹಂಚುವ ಕ್ಯಾಪ್ ರೌಂಡಿನ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಸ್ವಂತ ವಿಭಾಗ, ಉಪ ಕ್ಯಾಂಪಸ್, ಸಂಯೋಜಿತ ಕಾಲೇಜು ಎಲ್ಲವೂ ಒಟ್ಟಿಗೆ ಇರುತ್ತವೆ. ಮುಂಬಯಿಯಿಂದ ಸಿಂಧುದುರ್ಗದವರೆಗೆ ಏಳು ಜಿಲ್ಲೆಗಳ ನೂರಾರು ಕಾಲೇಜುಗಳು ಈ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪೊವಾಯಿಯಲ್ಲಿರುವ ನಮ್ಮ ಬಂಟರ ಸಂಘದ ಎಸ್.ಎಂ. ಶೆಟ್ಟಿ ಕಾಲೇಜು ಕೂಡ ಹಾಗೆ ಸೇರಿದ್ದೇ. ಸಂಯೋಜಿತ ಕಾಲೇಜಿನಲ್ಲಿ ಫೀಸು, ಲೈಬ್ರರಿ, ಜಿಮ್ಖಾನಾ ಎಲ್ಲ ಆ ಸಂಸ್ಥೆಯದು, ಡಿಗ್ರಿ ಮಾತ್ರ ವಿಶ್ವವಿದ್ಯಾಲಯದ್ದು. ಹೆಸರಿನ ಪಕ್ಕದ ಕೋಡನ್ನು ಸರಿಯಾಗಿ ನೋಡಿಯೇ ತುಂಬಿ.

ನನ್ನನ್ನು ಕೇಳಿದರೆ, ಠಾಣೆ ಕ್ಯಾಂಪಸ್ ನೋಡಿ ನಿಮಗೆ ತೃಪ್ತಿಯಾದರೆ ಅದನ್ನೇ ಮೇಲೆ ಹಾಕಿ. ಡೊಂಬಿವಲಿಯಿಂದ ಠಾಣೆಗೆ ಲೋಕಲ್, ಅಲ್ಲಿಂದ ಬಸ್ಸು ಅಥವಾ ರಿಕ್ಷಾ. ಕಲೀನಾಕ್ಕೆ ಹೋಗಬೇಕಾದರೆ ಬೆಳಗಿನ ಗರ್ದಿಯಲ್ಲಿ ಕುರ್ಲಾದವರೆಗೆ ನಿಂತು, ಅಲ್ಲಿಂದ ಸಿಎಸ್‌ಟಿ ರೋಡಿನ ಟ್ರಾಫಿಕ್ಕಿನಲ್ಲಿ ಕೂರಬೇಕು. ಐದು ವರ್ಷ ದಿನಾ ಉಳಿಯುವ ಆ ಹೊತ್ತು ಓದಿಗೆ ಸಿಗುತ್ತದೆ.

ಪ್ರಶ್ನೆ: ಉಡುಪಿಯಲ್ಲಿರುವ ಅಕ್ಕನ ಮಗನಿಗೆ ಎಂಎಸ್ಸಿ ಮಾಡಲು ಇಲ್ಲಿ ಸೀಟು ಸಿಗುವ ಹಾಗಿದೆ. ನಮ್ಮದು ಘಾಟ್‌ಕೋಪರಿನಲ್ಲಿ ಒಂದೇ ಕೋಣೆಯ ಮನೆ. ಸೀಟು ಸಿಕ್ಕಿದರೆ ಹಾಸ್ಟೆಲ್ ತಾನಾಗಿ ಸಿಗುತ್ತದೆಯೇ? — ಸೋದರಮಾವ, ಘಾಟ್‌ಕೋಪರ್

ಇಲ್ಲ, ತಾನಾಗಿ ಸಿಗುವುದಿಲ್ಲ. ಹಾಸ್ಟೆಲಿಗೆ ಬೇರೆ ಅರ್ಜಿ, ಬೇರೆ ಪಟ್ಟಿ. ಕೇಳುವವರು ಸಾವಿರ, ಜಾಗ ಕಮ್ಮಿ. ಸೀಟು ಖಚಿತವಾದ ದಿನವೇ ಹಾಸ್ಟೆಲ್ ಅರ್ಜಿಯ ಬಗ್ಗೆ ವಿಭಾಗದ ಆಫೀಸಿನಲ್ಲಿ ಕೇಳಲು ಹೇಳಿ. ಹಾಸ್ಟೆಲ್ ಯಾವ ಕ್ಯಾಂಪಸ್ಸಿನಲ್ಲಿದೆ ಅನ್ನುವುದನ್ನೂ ಕೇಳಿ. ವಿಶ್ವವಿದ್ಯಾಲಯದ ಹಾಸ್ಟೆಲ್ ಚರ್ಚ್‌ಗೇಟಿನಲ್ಲೂ ಇದೆ, ಕಲೀನಾದಲ್ಲೂ ಇದೆ. ಕ್ಲಾಸು ಕಲೀನಾದಲ್ಲಿ, ಹಾಸಿಗೆ ಚರ್ಚ್‌ಗೇಟಿನಲ್ಲಿ ಅಂದರೆ ದಿನಾ ಊರಿನ ಒಂದು ತುದಿಯಿಂದ ಓಡಾಡಬೇಕು. 2025ರ ಅಕ್ಟೋಬರಿನಲ್ಲಿ ಮೆಟ್ರೋ 3 ಕಫ್ ಪರೇಡ್‌ವರೆಗೆ ಪೂರ್ತಿ ಶುರುವಾದ ಮೇಲೆ ಈ ಓಡಾಟ ಮೊದಲಿನಷ್ಟು ಕಷ್ಟವಿಲ್ಲ, ಚರ್ಚ್‌ಗೇಟಿನಲ್ಲಿ ಹತ್ತಿ ಸಾಂತಾಕ್ರೂಜ್‌ನಲ್ಲಿ ಇಳಿಯಬಹುದು. ಆದರೂ ಖರ್ಚು ಖರ್ಚೇ.

ಮೊದಲ ಕೆಲವು ವಾರಕ್ಕಾದರೂ ಬೇರೆ ವ್ಯವಸ್ಥೆ ಇಟ್ಟುಕೊಳ್ಳಿ. ವಾಕೋಲಾ, ಕಲೀನಾ ಕಡೆ ಪೇಯಿಂಗ್ ಗೆಸ್ಟ್ ಇಟ್ಟುಕೊಳ್ಳುವ ಮನೆಗಳಿವೆ. ಅಡ್ವಾನ್ಸ್ ಕೊಡುವ ಮೊದಲು ನೀವೇ ಹೋಗಿ ನೋಡಿ, ಹುಡುಗನನ್ನು ಫೋಟೋ ನೋಡಿ ಒಪ್ಪಿಕೊಳ್ಳಲು ಬಿಡಬೇಡಿ. ಊರು ಬಿಡುವ ಮೊದಲೇ ಅವನು ತನ್ನ ವಿಶ್ವವಿದ್ಯಾಲಯದಿಂದ ಮೈಗ್ರೇಷನ್ ಸರ್ಟಿಫಿಕೇಟಿಗೆ ಅರ್ಜಿ ಹಾಕಲಿ. ಬೇರೆ ರಾಜ್ಯದಿಂದ ಬಂದವರಿಗೆ ಇಲ್ಲಿ ಎಲಿಜಿಬಿಲಿಟಿ, ಅಂದರೆ ಸೇರಲು ಅರ್ಹರು ಅನ್ನುವ ಒಪ್ಪಿಗೆ ಆಗಬೇಕು, ಅದಕ್ಕೆ ಮೈಗ್ರೇಷನ್ ಬೇಕೇ ಬೇಕು. ಇಲ್ಲಿಗೆ ಬಂದ ಮೇಲೆ ಅದೊಂದು ಕಾಗದಕ್ಕಾಗಿ ಮತ್ಸ್ಯಗಂಧ ರೈಲು ಹತ್ತಿ ವಾಪಸ್ ಹೋದವರನ್ನು ನೋಡಿದ್ದೇನೆ, ಪಾಪ.

ಪ್ರಶ್ನೆ: ನಾನು 1983ರಲ್ಲಿ ಮಡಗಾಂವಿನಲ್ಲಿ ಬಿಕಾಂ ಮಾಡಿದ್ದು. ಘಟಿಕೋತ್ಸವದ ಡಿಗ್ರಿ ಸರ್ಟಿಫಿಕೇಟ್ ಆಗ ತೆಗೆದುಕೊಳ್ಳಲೇ ಇಲ್ಲ. ಈಗ ಒಂದು ಸಂಸ್ಥೆಯವರು ಪಾಠ ಮಾಡಲು ಕರೆದಿದ್ದಾರೆ, ಮೂಲ ಡಿಗ್ರಿ ಬೇಕಂತೆ. ಗೋವಾ ವಿಶ್ವವಿದ್ಯಾಲಯಕ್ಕೆ ಹೋಗಬೇಕೋ, ಮುಂಬಯಿಗೋ? — ನಿವೃತ್ತರು, ವಾಸ್ಕೋ

ಮುಂಬಯಿಗೇ, ಸಾರ್. ಗೋವಾ ವಿಶ್ವವಿದ್ಯಾಲಯ ಶುರುವಾದದ್ದು 1985ರಲ್ಲಿ. ಅದಕ್ಕೂ ಮೊದಲು ಗೋವಾದ ಕಾಲೇಜುಗಳು ಬಾಂಬೆ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಪಣಜಿಯಲ್ಲಿ ಅದರದೇ ಸ್ನಾತಕೋತ್ತರ ಕೇಂದ್ರವೂ ಇತ್ತು. ನಿಮ್ಮ ಪರೀಕ್ಷೆ ನಡೆಸಿದವರು ಅವರು, ಹಾಗಾಗಿ ದಾಖಲೆ ಇರುವುದೂ ಅವರಲ್ಲಿ. ನಮ್ಮ ಧಾರವಾಡದ ಕರ್ನಾಟಕ ಕಾಲೇಜು ಕೂಡ ಕರ್ನಾಟಕ ವಿಶ್ವವಿದ್ಯಾಲಯ ಬರುವವರೆಗೆ ಇದೇ ವಿಶ್ವವಿದ್ಯಾಲಯದ ಕೆಳಗಿತ್ತು. ನಮ್ಮ ಎಷ್ಟೋ ಹಿರಿಯರು ಬಾಂಬೆ ಡಿಗ್ರಿ ಪಡೆದದ್ದು ಹಾಗೆ.

ಮುಂಬಯಿಗೆ ಬಂದವರು ಸಾಮಾನ್ಯವಾಗಿ ನೇರ ಫೋರ್ಟಿಗೆ ಹೋಗಿಬಿಡುತ್ತಾರೆ. ರಾಜಾಬಾಯಿ ಟವರ್ ಅಂದರೆ ವಿಶ್ವವಿದ್ಯಾಲಯ ಅಂತ ಎಲ್ಲರಿಗೂ ಗೊತ್ತು, ಘಟಿಕೋತ್ಸವದ ಸಭಾಂಗಣವೂ ಅಲ್ಲೇ ಇದೆ. ಆದರೆ ಪರೀಕ್ಷೆಯ ಕೆಲಸ ನಡೆಯುವುದು ಕಲೀನಾದ ಮಹಾತ್ಮಾ ಜ್ಯೋತಿರಾವ್ ಫುಲೆ ಭವನದಲ್ಲಿ, ಅಂದರೆ ಪರೀಕ್ಷಾ ಭವನದಲ್ಲಿ. ನೀವು ವಿಚಾರಿಸಬೇಕಾದದ್ದು ಅಲ್ಲಿ. ವಾಸ್ಕೋದಿಂದ ಹೊರಡುವ ಮೊದಲು ವೆಬ್‌ಸೈಟಿನಲ್ಲಿ ಆನ್‌ಲೈನ್ ಅರ್ಜಿಯ ದಾರಿ ಇದೆಯಾ ನೋಡಿ, ಮನೆಯ ಮಕ್ಕಳ ಹತ್ತಿರ ನೋಡಿಸಿ. ಅಲ್ಲೇ ಕೆಲಸ ಮುಗಿದರೆ ರೈಲಿನ ಖರ್ಚು ಉಳಿಯಿತು.

ಬರಲೇಬೇಕಾದರೆ ಅಂಕಪಟ್ಟಿ ಹುಡುಕಿ ಇಟ್ಟುಕೊಳ್ಳಿ. ಈಗಿನ ಮಕ್ಕಳಿಗೆ ಹದಿನಾರು ಅಂಕಿಯ ಪಿಆರ್‌ಎನ್, ಅಂದರೆ ಕಾಯಂ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಹೊಡೆದರೆ ಎಲ್ಲ ಬರುತ್ತದೆ. ನಿಮ್ಮ ಕಾಲದವರ ದಾಖಲೆ ಸಿಗುವುದು ಸೀಟ್ ನಂಬರ್, ಪರೀಕ್ಷೆಯ ತಿಂಗಳು, ವರ್ಷ ಈ ಮೂರರಿಂದ. ಏಪ್ರಿಲ್ ಪರೀಕ್ಷೆಯೋ ಅಕ್ಟೋಬರ್ ಪರೀಕ್ಷೆಯೋ ಅನ್ನುವುದು ತಪ್ಪಿದರೆ ಹುಡುಕುವವರು ಬೇರೆ ರಿಜಿಸ್ಟರ್ ತೆಗೆಯುತ್ತಾರೆ, ನಿಮ್ಮ ಹೆಸರು ಸಿಗುವುದಿಲ್ಲ. ಅಂಕಪಟ್ಟಿಯ ಎರಡೂ ಬದಿ ಝೆರಾಕ್ಸ್ ಮಾಡಿಸಿ, ಹೆಸರಿನ ಸ್ಪೆಲಿಂಗ್ ಆಧಾರ್‌ಗೆ ಹೊಂದುತ್ತದೆಯಾ ನೋಡಿ. ತಂದೆಯ ಹೆಸರು ಅಲ್ಲಿ ನಡುವೆ, ಇಲ್ಲಿ ಕೊನೆಯಲ್ಲಿ ಅಂತ ಇದ್ದರೆ ಒಂದು ಅಫಿಡವಿಟ್ ಜೊತೆಗಿರಲಿ. ಕೌಂಟರಿಗೆ ಬೆಳಗ್ಗೆಯೇ ಹೋಗಿ. ಊಟದ ಹೊತ್ತಿಗೆ ಹೋದರೆ ಸುಮ್ನೆ ಕಾಯಬೇಕು.

ಪ್ರಶ್ನೆ: ನನಗೀಗ 54. ಧಾರವಾಡದಲ್ಲಿ ಬಿಎ ಮಾಡಿ ಮದುವೆಯಾಗಿ ಇಲ್ಲಿಗೆ ಬಂದವಳು. ಕನ್ನಡ ಎಂಎ ಮಾಡಬೇಕೆಂಬ ಆಸೆ ಇದೆ. ಈ ವಯಸ್ಸಿನಲ್ಲಿ ಸೇರಿಸಿಕೊಳ್ಳುತ್ತಾರಾ? ಭಾಂಡೂಪಿನ ಹತ್ತಿರ ಯಾವ ಕ್ಯಾಂಪಸ್ಸಿನಲ್ಲಿದೆ? — ಗೃಹಿಣಿ, ಭಾಂಡೂಪ್

ತಾಯಿ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ವಯಸ್ಸಿನ ಚಿಂತೆ ಬೇಡ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಗೃಹಿಣಿಯರು, ನಿವೃತ್ತರು, ಕೆಲಸ ಮಾಡಿಕೊಂಡೇ ಓದುವವರು ಎಂಎ ಮಾಡಿದ್ದಾರೆ, ಪಿಎಚ್‌ಡಿಯನ್ನೂ ಮಾಡಿದ್ದಾರೆ. ಡಾ. ಜಿ.ಎನ್. ಉಪಾಧ್ಯ ಅವರು ಬಹಳ ವರ್ಷ ಮುನ್ನಡೆಸಿದ ಈ ವಿಭಾಗ ಮುಂಬಯಿ ಕನ್ನಡಿಗರ ಬದುಕು, ಬರಹದ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ತಂದಿದೆ. ಕರ್ನಾಟಕದ ಹೊರಗೆ ಇಂಥದ್ದೊಂದು ವಿಭಾಗ ಇರುವುದು ನಮ್ಮ ಭಾಗ್ಯ, ಆದರೆ ಸೇರುವವರಿದ್ದರೆ ಮಾತ್ರ ಅದು ಉಳಿಯುತ್ತದೆ. ನಿಮ್ಮಂಥವರು ಬರಬೇಕು.

ವಿಭಾಗ ಇರುವುದು ಕಲೀನಾದಲ್ಲಿ. ಭಾಂಡೂಪಿನಿಂದ ಸ್ಲೋ ಲೋಕಲ್ ಹಿಡಿದು ಕುರ್ಲಾದಲ್ಲಿ ಇಳಿಯಿರಿ. ಪಶ್ಚಿಮಕ್ಕೆ ಬಂದರೆ ಸಾಂತಾಕ್ರೂಜ್ ಕಡೆ ಹೋಗುವ ಬೆಸ್ಟ್ ಬಸ್ಸುಗಳು ಸಿಗುತ್ತವೆ, "ಯುನಿವರ್ಸಿಟಿ" ಅಂದರೆ ಕಂಡಕ್ಟರ್ ಇಳಿಸುತ್ತಾರೆ. ಗೇಟಿನಿಂದ ಒಳಗೆ ನಡೆಯುವುದು ಸ್ವಲ್ಪ ಜಾಸ್ತಿಯೇ, ಮಳೆಗಾಲದಲ್ಲಿ ಕೊಡೆಯ ಜೊತೆ ಒಳ್ಳೆ ಚಪ್ಪಲಿಯೂ ಬೇಕು. ಭಾಷಾ ವಿಭಾಗಗಳ ರಾನಡೆ ಭವನ ಎಲ್ಲಿ ಅಂತ ವಾಚ್‌ಮನ್ ಹತ್ತಿರ ಕೇಳಿ.

ಧಾರವಾಡದ ಬಿಎ ಅಂದಮೇಲೆ ನಿಮಗೂ ಮೈಗ್ರೇಷನ್ ಬೇಕಾಗುತ್ತದೆ. ತವರಿನಲ್ಲಿ ಯಾರಾದರೂ ಓಡಾಡುವವರಿದ್ದರೆ ಈಗಲೇ ಹೇಳಿ ಅರ್ಜಿ ಹಾಕಿಸಿ. ಕ್ಲಾಸಿನ ದಿನ, ವೇಳೆ ವಿಭಾಗಕ್ಕೆ ಫೋನ್ ಮಾಡಿ ಕೇಳಿ, ಮನೆಯ ಕೆಲಸ ಹೊಂದಿಸಿಕೊಳ್ಳಲು ಅದು ಬೇಕು. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಬರುತ್ತದೆ.