ಜಿಪಿಎ 2.8 ಇದ್ದರೆ ಅಮೆರಿಕದಲ್ಲಿ ಫಿಸಿಯೋಥೆರಪಿ ಸೀಟು ಸಿಗುತ್ತಾ?

ಸಿಗಬಹುದು, ಆದರೆ ಸ್ವಲ್ಪ ಸುತ್ತು ಹಾಕಬೇಕು. ಅಲ್ಲಿ ಪದವಿ ಮುಗಿದ ಮೇಲೆ ಡಿಪಿಟಿ, ಅಂದರೆ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ, ಮಾಡಬೇಕು, ಸಾಮಾನ್ಯವಾಗಿ 3 ವರ್ಷ. ಬಹಳಷ್ಟು ಕಡೆ ಕನಿಷ್ಠ 3.0 ಜಿಪಿಎ (4.0ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಕೇಳುತ್ತಾರೆ.

ಹಲವರು ಎಡವುವುದು ಒಂದೇ ಕಡೆ. ಹೆಚ್ಚಿನ ಅರ್ಜಿಗಳು ಹೋಗುವುದು ಪಿಟಿಕ್ಯಾಸ್ ಎಂಬ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯ ಮೂಲಕ. ಕೆಮಿಸ್ಟ್ರಿಯಲ್ಲಿ ಸಿ ಬಂದು, ಮತ್ತೆ ಓದಿ ಎ ತೆಗೆದರೂ ಅದು ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಿಮ್ಮ ಕಾಲೇಜು ಹಳೆಯ ಗ್ರೇಡ್ ಬಿಟ್ಟುಬಿಟ್ಟಿದ್ದರೂ ಅಷ್ಟೇ. ಹಾಗಂತ ಮತ್ತೆ ಓದುವುದು ದಂಡ ಅಲ್ಲ. ಕೆಲವು ಕಾಲೇಜುಗಳು ಕಡ್ಡಾಯ ವಿಷಯಗಳಲ್ಲಿ ಒಳ್ಳೆಯ ಗ್ರೇಡನ್ನೇ ನೋಡುತ್ತವೆ, ಇನ್ನು ಕೆಲವು ಕೊನೆಯ 60 ಕ್ರೆಡಿಟ್‌ಗಳನ್ನು. ಅಂಥವನ್ನೇ ಹುಡುಕಿ ಅರ್ಜಿ ಹಾಕಿ.

ಲೆಕ್ಕ ನೋಡಿ: 90 ಕ್ರೆಡಿಟ್‌ಗೆ 2.8 ಇದ್ದು, ಮುಂದಿನ 30 ಕ್ರೆಡಿಟ್‌ನಲ್ಲಿ ಪೂರ್ತಿ 4.0 ತೆಗೆದರೆ ಒಟ್ಟು 3.1. ಒಂದು ವರ್ಷದ ಜಿದ್ದು ಅದು, ಸುಮ್ನೆ ಬರುವುದಿಲ್ಲ. ಅನಾಟಮಿ, ಫಿಸಿಯಾಲಜಿ, ಫಿಸಿಕ್ಸ್‌ನಿಂದ ಶುರುಮಾಡಿ.

ಕ್ಲಿನಿಕ್‌ನಲ್ಲಿ ಥೆರಪಿಸ್ಟ್ ಜೊತೆ ನಿಂತು ಕೆಲಸ ನೋಡಿದ ಗಂಟೆಗಳೂ ಮುಖ್ಯ. ಕ್ರೀಡಾ ಗಾಯ ಮಾತ್ರ ಸಾಲದು, ಆಸ್ಪತ್ರೆ ವಾರ್ಡ್, ವೃದ್ಧಾಶ್ರಮವೂ ಇರಲಿ. ಹತ್ತಿರದಿಂದ ನೋಡಿದ ಥೆರಪಿಸ್ಟ್ ಬರೆದ ಪತ್ರಕ್ಕೆ ತೂಕ ಜಾಸ್ತಿ.

ಮೊದಲು ಪಿಟಿಎ, ಅಂದರೆ ಸಹಾಯಕರ ಕೋರ್ಸ್, ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಅದು ಬೇರೆಯೇ ವೃತ್ತಿ, ಡಿಪಿಟಿಗೆ ಹತ್ತಿರದ ದಾರಿ ಅಲ್ಲ. ನಿಮ್ಮಲ್ಲಿ ಈಗಾಗಲೇ ಪದವಿ ಇದ್ದರೆ ನಾನಂತೂ ಆ ಕಡೆ ಹೋಗುವುದಿಲ್ಲ.