ಯುನಿಕ್ಸ್ ಸರ್ವರ್‌ಗಳಿಗೆ ವೆರಿಟಾಸ್, ಎಲ್‌ವಿಎಂ, ಝಡ್‌ಎಫ್‌ಎಸ್: ಯಾವುದು ಸೂಕ್ತ?

ಮಂಡ್ಯದ ನಿಮ್ಮ ಕಚೇರಿಯಲ್ಲಿ ಎರಡು ಸೊಲಾರಿಸ್ 10 ಹಾಗೂ ನಾಲ್ಕು ಲಿನಕ್ಸ್ ಸರ್ವರ್‌ಗಳಿವೆ, ಒಂದೊಂದಕ್ಕೂ ಅದರದೇ ಡಿಸ್ಕ್‌ಗಳಿವೆ, ಎಲ್ಲಕ್ಕೂ ವೆರಿಟಾಸ್ ವಾಲ್ಯೂಮ್ ಮ್ಯಾನೇಜರ್ (ಹಲವು ಡಿಸ್ಕ್‌ಗಳ ಜಾಗವನ್ನು ಒಟ್ಟುಗೂಡಿಸಿ ಬೇಕಾದಂತೆ ಹಂಚಿಕೊಡುವ ತಂತ್ರಾಂಶ) ಕೊಳ್ಳಬೇಕೇ ಎಂದು ಕೇಳಿದ್ದೀರಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಹಲವು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನನ್ನ ಅಭಿಪ್ರಾಯದಲ್ಲಿ ಅದರ ಅಗತ್ಯ ನಿಮಗಿಲ್ಲ.

ವೆರಿಟಾಸ್ ಸಮರ್ಥ ತಂತ್ರಾಂಶವೇ. ಸೊಲಾರಿಸ್‌ನಲ್ಲೂ ಲಿನಕ್ಸ್‌ನಲ್ಲೂ ಒಂದೇ ಬಗೆಯ ಕಮಾಂಡ್‌ಗಳು ನಡೆಯುತ್ತವೆ, ಒಂದು ಸರ್ವರ್ ಕೆಟ್ಟರೆ ಅದರ ಡಿಸ್ಕ್ ಗ್ರೂಪನ್ನು, ಅಂದರೆ ಒಟ್ಟಾಗಿ ನಿರ್ವಹಿಸುವ ಡಿಸ್ಕ್‌ಗಳ ಗುಂಪನ್ನು, ಮತ್ತೊಂದರಲ್ಲಿ ಇಂಪೋರ್ಟ್ ಮಾಡಿಕೊಳ್ಳಬಹುದು. ಆದರೆ ಈ ಅನುಕೂಲಕ್ಕೆ ಹಲವು ಸರ್ವರ್‌ಗಳು ಹಂಚಿಕೊಂಡ ಸ್ಟೋರೇಜ್ ಇರಬೇಕು, ಅದು ನಿಮ್ಮಲ್ಲಿಲ್ಲ.

ಸೊಲಾರಿಸ್‌ಗೆ ಝಡ್‌ಎಫ್‌ಎಸ್ ಬಳಸಿ. 2006ರಿಂದಲೇ ಅದು ಸೊಲಾರಿಸ್ 10ರ ಜೊತೆಗೆ ಬರುತ್ತಿದೆ. ವಾಲ್ಯೂಮ್ ಮ್ಯಾನೇಜರ್ ಮತ್ತು ಫೈಲ್ ಸಿಸ್ಟಂ (ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವ್ಯವಸ್ಥೆ) ಎರಡೂ ಅದೇ ಆಗಿರುವುದರಿಂದ ಪ್ರತಿ ಬ್ಲಾಕಿನ ಚೆಕ್‌ಸಮ್ (ದತ್ತಾಂಶ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಅಂಕಿ) ಅದರ ಬಳಿ ಇರುತ್ತದೆ. ಒಂದೇ ದತ್ತಾಂಶವನ್ನು ಎರಡು ಡಿಸ್ಕ್‌ಗಳಲ್ಲಿಡುವ ಮಿರರ್‌ನ ಎರಡು ಪ್ರತಿಗಳಲ್ಲಿ ವ್ಯತ್ಯಾಸ ಬಂದರೆ ಯಾವುದು ಸರಿಯೆಂದು ತಿಳಿದು, ಕೆಟ್ಟದ್ದನ್ನು ತಾನೇ ತಿದ್ದುತ್ತದೆ. ಸಾಮಾನ್ಯ ಮಿರರ್‌ಗೆ ಈ ವಿವೇಚನೆ ಇಲ್ಲ, ನನ್ನ ಮಟ್ಟಿಗೆ ಇದೇ ಅತಿ ಮುಖ್ಯವಾದ ಗುಣ. ಪೂಲ್ (ಝಡ್‌ಎಫ್‌ಎಸ್ ಒಟ್ಟುಗೂಡಿಸಿದ ಡಿಸ್ಕ್ ಜಾಗ) ಮಾತ್ರ ಶೇಕಡ 80ಕ್ಕಿಂತ ಹೆಚ್ಚು ತುಂಬದಂತೆ ನೋಡಿಕೊಳ್ಳಿ, ತುಂಬಿದಷ್ಟೂ ವೇಗ ಕುಗ್ಗುತ್ತದೆ.

ಲಿನಕ್ಸ್‌ನಲ್ಲಿ ಝಡ್‌ಎಫ್‌ಎಸ್ ಪರವಾನಗಿಯ ಕಾರಣದಿಂದ ಕರ್ನೆಲ್‌ನ (ಲಿನಕ್ಸ್‌ನ ತಿರುಳು ತಂತ್ರಾಂಶದ) ಹೊರಗೇ ಉಳಿದಿದೆ, ಕರ್ನೆಲ್ ಬದಲಾದಾಗಲೆಲ್ಲ ಅದರ ಮಾಡ್ಯೂಲ್ ಹೊಂದುತ್ತದೆಯೇ ಎಂದು ನೋಡಬೇಕು. ಆದ್ದರಿಂದ ಅಲ್ಲಿ ಲಿನಕ್ಸ್‌ನದೇ ವಾಲ್ಯೂಮ್ ಮ್ಯಾನೇಜರ್ ಆದ ಎಲ್‌ವಿಎಂ ಸಾಕು. ನಮ್ಮಲ್ಲಿ ಹಳೆಯ ಡಿಸ್ಕಿನಿಂದ ಹೊಸದಕ್ಕೆ ದತ್ತಾಂಶ ಸಾಗಿಸಲು ಎಲ್‌ವಿಎಂನ ಪಿವಿಮೂವ್ ಕಮಾಂಡ್ ನಡೆಸಿದಾಗ ಲೆಕ್ಕಪತ್ರ ವಿಭಾಗದವರು ಬಿಲ್ಲುಗಳನ್ನು ನಮೂದಿಸುತ್ತಲೇ ಇದ್ದರು, ಪರದೆಯ ಮೇಲೆ ಶೇಕಡಾವಾರು ಅಂಕಿ ನಿಧಾನವಾಗಿ ಏರುತ್ತಿತ್ತು, ಒಂದು ನಿಮಿಷವೂ ಕೆಲಸ ನಿಲ್ಲಲಿಲ್ಲ.

ಎಲ್‌ವಿಎಂನ ಸ್ನ್ಯಾಪ್‌ಶಾಟ್ (ಒಂದು ಕ್ಷಣದಲ್ಲಿ ದತ್ತಾಂಶ ಹೇಗಿತ್ತೋ ಹಾಗೆ ಕಾಣುವ ಪ್ರತಿ; ಆನಂತರದ ಬದಲಾವಣೆಗಳಿಗೆ ಅದರ ಜಾಗ ಖರ್ಚಾಗುತ್ತದೆ) ವಿಷಯದಲ್ಲಿ ಮಾತ್ರ ನನಗೆ ಪೆಟ್ಟು ಬಿದ್ದಿದೆ. ಬ್ಯಾಕಪ್‌ಗೆಂದು 10 ಜಿಬಿಯ ಸ್ನ್ಯಾಪ್‌ಶಾಟ್ ತೆಗೆದಿದ್ದೆ; ಬ್ಯಾಕಪ್ ತಡವಾಗಿ ಬೆಳಗಿನ ಪಾಳಿಯವರೆಗೂ ಎಳೆಯಿತು, ಡೇಟಾಬೇಸ್ ಬರೆಯತೊಡಗಿದಂತೆ ಸ್ನ್ಯಾಪ್‌ಶಾಟ್ ಶೇಕಡ ಎಷ್ಟು ತುಂಬಿದೆಯೆಂದು ಎಲ್‌ವಿಎಸ್ ಕಮಾಂಡ್ ತೋರಿಸುವ ಅಂಕಿ 100 ಮುಟ್ಟಿತು, ಸ್ನ್ಯಾಪ್‌ಶಾಟ್ ಅಸಿಂಧುವಾಯಿತು. ಮೂಲ ದತ್ತಾಂಶಕ್ಕೆ ಏನೂ ಆಗಲಿಲ್ಲ, ಆದರೆ ಇಡೀ ರಾತ್ರಿಯ ಬ್ಯಾಕಪ್ ವ್ಯರ್ಥವಾಯಿತು. ಎಲ್‌ವಿಎಂ ಸಂರಚನಾ ಕಡತದಲ್ಲಿ ಸ್ನ್ಯಾಪ್‌ಶಾಟ್ ಶೇಕಡ ಎಷ್ಟು ತುಂಬಿದಾಗ ತಾನಾಗಿ ಬೆಳೆಯಬೇಕು ಎಂಬ ಮಿತಿ ಮೊದಲಿಗೆ 100 ಎಂದಿರುತ್ತದೆ, ಅಂದರೆ ಅದು ಬೆಳೆಯುವುದೇ ಇಲ್ಲ. ನಾನು ಅದನ್ನು 70ಕ್ಕೆ ಇಳಿಸಿದ್ದೇನೆ. ವಾಲ್ಯೂಮ್ ಗ್ರೂಪಿನಲ್ಲಿ (ಎಲ್‌ವಿಎಂ ಒಟ್ಟುಗೂಡಿಸಿದ ಡಿಸ್ಕ್‌ಗಳ ಗುಂಪಿನಲ್ಲಿ) ಖಾಲಿ ಜಾಗವನ್ನೂ ಉಳಿಸಿಕೊಳ್ಳಿ, ಏಕೆಂದರೆ ಲಿನಕ್ಸ್‌ನ ಫೈಲ್ ಸಿಸ್ಟಂಗಳಲ್ಲೊಂದಾದ ಎಕ್ಸ್‌ಎಫ್‌ಎಸ್ ಅನ್ನು ಹಿಗ್ಗಿಸಿದಷ್ಟು ಸುಲಭವಾಗಿ ಕುಗ್ಗಿಸಲಾಗದು.

ಸೊಲಾರಿಸ್‌ನಲ್ಲಿ ಈಗ ಹಳೆಯ ಸೊಲಾರಿಸ್ ವಾಲ್ಯೂಮ್ ಮ್ಯಾನೇಜರ್ ಇದ್ದರೆ ಮೊದಲು ಮೆಟಾಡಿಬಿ ಕಮಾಂಡ್ ಕೊಟ್ಟು ನೋಡಿ; ವಾಲ್ಯೂಮ್‌ಗಳ ವಿವರ ಬರೆದಿಟ್ಟ ದತ್ತಸಂಚಯದ ಪ್ರತಿಗಳು ಎಲ್ಲೆಲ್ಲಿವೆ ಎಂದು ಅದು ತೋರಿಸುತ್ತದೆ. ಎರಡೇ ಡಿಸ್ಕ್‌ಗಳಲ್ಲಿ ಸಮಸಮವಾಗಿ ಈ ಪ್ರತಿಗಳಿದ್ದು ಒಂದು ಡಿಸ್ಕ್ ಕೆಟ್ಟರೆ, ಉಳಿಯುವುದು ಸರಿಯಾಗಿ ಅರ್ಧ. ನಡೆಯುತ್ತಿರುವ ಸರ್ವರ್ ನಡೆದೇ ಇರುತ್ತದೆ, ಆದರೆ ರೀಬೂಟ್ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಪ್ರತಿಗಳಿಲ್ಲದೆ ಅದು ಬಹುಬಳಕೆದಾರ ಸ್ಥಿತಿಗೆ ಬರುವುದಿಲ್ಲ.